ಪೊಟೋಮ್ಯಾಕ್ ದಂಡೆಯ ಮೂವರು ದಾಯಾದಿಗಳು

ಅಮೆರಿಕಕ್ಕೆ ಹೊರಟು ನಿಂತ ಹಳೆಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಒಂದು ಪದೇ ಪದೇ ಬರುತ್ತದೆ: “ಸಾರ್, ವಾಷಿಂಗ್ಟನ್ ಹತ್ತಿರ ಕೆಲಸ ಸಿಕ್ಕಿದೆ. ಮನೆ ಯಾವ ಕಡೆ ಮಾಡಿದರೆ ಒಳ್ಳೆಯದು? ಮೇರಿಲ್ಯಾಂಡ್ ಕಡೆಯೋ, ವರ್ಜೀನಿಯಾ ಕಡೆಯೋ?” ನನ್ನ ಮಗಳ ಸಂಸಾರ ಮಾಂಟ್ಗೊಮರಿ ಕೌಂಟಿಯಲ್ಲಿದೆ, ತಮ್ಮನ ಮಗ ನದಿಯಾಚೆಯ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿದ್ದಾನೆ. ಎರಡೂ ಮನೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ನಾನು ಇದಕ್ಕೆ ಉತ್ತರ ಹೇಳಬಲ್ಲೆನೆಂಬುದು ಅವರ ನಂಬಿಕೆ. ಬಾಡಿಗೆಯ ವಿಚಾರವನ್ನಾಗಲಿ ಕಚೇರಿಯ ದೂರವನ್ನಾಗಲಿ ಅವರೇ ನನಗಿಂತ ಚೆನ್ನಾಗಿ ಲೆಕ್ಕ ಹಾಕಬಲ್ಲರು. ಆದರೆ ಸಮಾಜ ಪಾಠ ಹೇಳಿ ಕೂದಲು ನೆರೆಸಿಕೊಂಡವನಾದ್ದರಿಂದ, ಆ ಊರುಗಳ ಸ್ವಭಾವದ ಬಗ್ಗೆ ನಾಲ್ಕು ಮಾತು ಬರೆಯುವ ಆಸೆ ನನಗೆ ಬಹುದಿನಗಳಿಂದ ಇತ್ತು.

ಮೊದಲು ಕೌಂಟಿ ಎಂದರೇನೆಂದು ತಿಳಿಯೋಣ. ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಒಂದು ಘಟಕವೆಂದು ಸದ್ಯಕ್ಕೆ ಭಾವಿಸಬಹುದು. ನಮ್ಮ ಜಿಲ್ಲಾಧಿಕಾರಿಯನ್ನು ಸರ್ಕಾರ ಕಳುಹಿಸಿಕೊಡುತ್ತದೆ. ಅಲ್ಲಿ ಕೌಂಟಿಯ ಆಡಳಿತ ಜನರೇ ಆರಿಸಿದ ಮಂಡಳಿಯ ಕೈಯಲ್ಲಿರುತ್ತದೆ. ಇಡೀ ಕೌಂಟಿಗೆ ಒಂದೇ ಸಾರ್ವಜನಿಕ ಶಾಲಾ ವ್ಯವಸ್ಥೆ. ಪೋಲೀಸರು, ಅಗ್ನಿಶಾಮಕ ದಳ, ಆಸ್ತಿ ತೆರಿಗೆ ಎಲ್ಲವೂ ಬಹುಮಟ್ಟಿಗೆ ಅದರ ವ್ಯಾಪ್ತಿಗೇ ಸೇರಿದವು. ವಾಷಿಂಗ್ಟನ್ನಿನ ಸುತ್ತ ಇಂಥ ಕೌಂಟಿಗಳು ಹಲವಾರು ಇದ್ದರೂ ಗಾತ್ರದಲ್ಲಿ ದೊಡ್ಡವು ಮೂರು. 2020ರ ಜನಗಣತಿಯಂತೆ ಫೇರ್‌ಫ್ಯಾಕ್ಸ್‌ನಲ್ಲಿ ಹನ್ನೊಂದೂವರೆ ಲಕ್ಷ, ಮಾಂಟ್ಗೊಮರಿಯಲ್ಲಿ ಹತ್ತು ಲಕ್ಷ 62 ಸಾವಿರ, ಪ್ರಿನ್ಸ್ ಜಾರ್ಜಸ್‌ನಲ್ಲಿ ಒಂಬತ್ತು ಲಕ್ಷ 67 ಸಾವಿರ ಜನರಿದ್ದರು. ರಾಜಧಾನಿ ವಾಷಿಂಗ್ಟನ್ನಿನಲ್ಲೇ ಇದ್ದವರು ಏಳು ಲಕ್ಷಕ್ಕಿಂತ ಕಡಿಮೆ. ಪ್ರತಿಯೊಂದು ನೆರೆಮನೆಯೂ ಯಜಮಾನನ ಮನೆಗಿಂತ ದೊಡ್ಡದಾಗಿ ಬೆಳೆದಿದೆ!

ಹೆಸರುಗಳಲ್ಲೇ ಒಂದು ಚರಿತ್ರೆಯ ಪಾಠ ಅಡಗಿದೆ. 1696ರಲ್ಲಿ ರೂಪುಗೊಂಡ ಪ್ರಿನ್ಸ್ ಜಾರ್ಜಸ್, ಮುಂದೆ ಇಂಗ್ಲೆಂಡಿನ ರಾಣಿಯಾದ ಆನ್‌ಳ ಪತಿ, ಡೆನ್ಮಾರ್ಕಿನ ರಾಜಕುಮಾರ ಜಾರ್ಜನ ಹೆಸರನ್ನು ಹೊತ್ತಿದೆ. 1742ರಲ್ಲಿ ಹುಟ್ಟಿದ ಫೇರ್‌ಫ್ಯಾಕ್ಸ್‌ಗೆ ಆ ಸೀಮೆಯ ಅಪಾರ ಭೂಮಿಯ ಒಡೆಯನಾಗಿದ್ದ ಲಾರ್ಡ್ ಫೇರ್‌ಫ್ಯಾಕ್ಸ್‌ನ ಹೆಸರು. ಮಾಂಟ್ಗೊಮರಿ ಹುಟ್ಟಿದ್ದು 1776ರಲ್ಲಿ. ಅದರ ಹಿಂದಿನ ವರ್ಷದ ಕೊನೆಯ ದಿನ ಕ್ವಿಬೆಕ್‌ನಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತ ಮಡಿದ ಸೇನಾನಿಯ ಹೆಸರು ಅದಕ್ಕೆ. ಒಂದು ಅರಮನೆಯ ಹೆಸರು, ಒಂದು ಜಮೀನ್ದಾರನ ಹೆಸರು, ಮತ್ತೊಂದು ಬಂಡಾಯಗಾರನ ಹೆಸರು.

ಈಗ ಆ ಊರಿನವರು ಪರಸ್ಪರ ಆಡಿಕೊಳ್ಳುವುದನ್ನು ಕೇಳಿ. ತಮ್ಮನ ಮಗ ಹೇಳುತ್ತಾನೆ: “ದೊಡ್ಡಪ್ಪ, ಅಕ್ಕನ ಮಾಂಟ್ಗೊಮರಿಯಲ್ಲಿ ಮರದ ಎಲೆ ಉದುರಬೇಕಾದರೂ ಕೌಂಟಿಯ ಪರ್ಮಿಟ್ ಬೇಕು.” ಮಗಳು ಬಿಡುತ್ತಾಳೆಯೆ? “ಅಪ್ಪ, ಅವನ ಕಡೆ ಏನಿದೆ? ಗಾಜಿನ ಕಟ್ಟಡ, ಟೋಲು, ಮತ್ತೆ ಗಾಜಿನ ಕಟ್ಟಡ!” ಒಂದು ಕಡೆಯವರು ಮೂಗು ತೂರಿಸುವವರು, ಇನ್ನೊಂದು ಕಡೆಯವರು ಬರೀ ವ್ಯಾಪಾರಿಗಳು ಎಂಬುದು ಇದರ ಸಾರಾಂಶ. ಇವರಿಬ್ಬರೂ ಒಮ್ಮತಕ್ಕೆ ಬರುವುದು ಒಂದೇ ವಿಷಯದಲ್ಲಿ: ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ಮನೆ ಕೊಳ್ಳಬಾರದು. ಆ ಒಮ್ಮತದ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಾನು ಕಂಡಂತೆ ಈ ಜನರ ಸ್ವಭಾವದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಎರಡೂ ಕಡೆ ಸರ್ಕಾರಿ ನೌಕರರು, ವಿಜ್ಞಾನಿಗಳು, ಕಂಪ್ಯೂಟರ್ ಕೆಲಸದವರು, ಲೋಕದ ಮೂಲೆಮೂಲೆಗಳಿಂದ ಬಂದು ಸೇರಿದವರು. 2020ರ ಜನಗಣತಿಯಲ್ಲಿ ಎರಡೂ ಕೌಂಟಿಗಳಲ್ಲಿ ಯಾವೊಂದು ಜನಾಂಗದವರೂ ಅರ್ಧಕ್ಕಿಂತ ಹೆಚ್ಚಿರಲಿಲ್ಲ. ವೃತ್ತಿಯಲ್ಲಿ ಕೊಂಚ ಭೇದವಿದೆ, ನಿಜ. ಮಾಂಟ್ಗೊಮರಿಯ ಬೆಥೆಸ್ಡಾದಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿರುವುದರಿಂದ ಅಲ್ಲಿ ಬಿಳಿ ಕೋಟಿನವರು ಹೆಚ್ಚು. ಫೇರ್‌ಫ್ಯಾಕ್ಸ್‌ನ ಪಕ್ಕದ ಆರ್ಲಿಂಗ್ಟನ್ನಿನಲ್ಲಿ ಪೆಂಟಗನ್ ಇರುವುದರಿಂದ ಅಲ್ಲಿ ರಕ್ಷಣಾ ಗುತ್ತಿಗೆಯವರು ಹೆಚ್ಚು. ಆದರೆ ಕೌಂಟಿಗಳ ನಡತೆಯಲ್ಲಿ ಕಾಣುವ ಆಳವಾದ ವ್ಯತ್ಯಾಸಕ್ಕೆ ಕಾರಣ ಬೇರೆಡೆ ಇದೆ: ಯಾವ ಮನೆಯಲ್ಲಿ ಯಜಮಾನಿಕೆ ಯಾರದು ಎಂಬುದರಲ್ಲಿ.

ವರ್ಜೀನಿಯಾದಲ್ಲಿ ‘ಡಿಲನ್ ನಿಯಮ’ವೆಂಬ ನ್ಯಾಯಸೂತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಐಯೋವಾ ರಾಜ್ಯದ ನ್ಯಾಯಾಧೀಶ ಜಾನ್ ಡಿಲನ್ 1868ರಲ್ಲಿ ಪ್ರತಿಪಾದಿಸಿದ ಈ ಸೂತ್ರದ ತಾತ್ಪರ್ಯ ಇಷ್ಟೆ: ರಾಜ್ಯವು ಸ್ಪಷ್ಟವಾಗಿ ಕೊಟ್ಟ ಅಧಿಕಾರವಷ್ಟೇ ಸ್ಥಳೀಯ ಸಂಸ್ಥೆಗೆ ಉಂಟು, ಸಂದೇಹವಿದ್ದರೆ ಅಧಿಕಾರವಿಲ್ಲವೆಂದೇ ಅರ್ಥ. ಎಷ್ಟೇ ಬೆಳೆದ ಮಗನಾದರೂ ಅಪ್ಪನನ್ನು ಕೇಳದೆ ಪೆಟ್ಟಿಗೆಯ ಬೀಗ ತೆಗೆಯುವಂತಿಲ್ಲ. ಮೇರಿಲ್ಯಾಂಡಿನಲ್ಲಾದರೋ ಕೌಂಟಿಗಳು ತಮ್ಮದೇ ಸನ್ನದನ್ನು ರಚಿಸಿಕೊಂಡು ಸ್ವಯಮಾಡಳಿತ ನಡೆಸಬಹುದು. 1948ರಲ್ಲಿ ಹಾಗೆ ಮಾಡಿದ ಮೊದಲ ಕೌಂಟಿಯೇ ಮಾಂಟ್ಗೊಮರಿ. ಅದು ಪಾಲು ತೆಗೆದುಕೊಂಡು ಬೇರೆ ಒಲೆ ಹೂಡಿದ ಮಗ.

ಈ ಭೇದ ದಿನನಿತ್ಯದ ಬದುಕಿನಲ್ಲಿ ಹೇಗೆ ಕಾಣುತ್ತದೆಂಬುದಕ್ಕೆ ಹಿಮ ಬಿದ್ದ ಮಾರನೆಯ ದಿನವನ್ನೇ ನೋಡಬಹುದು. ಮಗಳ ಬೀದಿಯ ಹಿಮ ತೆಗೆಯದಿದ್ದರೆ ಅವಳು ಕೌಂಟಿಯವರಿಗೆ ಫೋನು ಮಾಡುತ್ತಾಳೆ. ತಮ್ಮನ ಮಗ ರಾಜ್ಯದ ಸಾರಿಗೆ ಇಲಾಖೆಗೆ ಮಾಡಬೇಕು. ಏಕೆಂದರೆ ವರ್ಜೀನಿಯಾ 1932ರ ಕಾನೂನೊಂದರ ಮೂಲಕ ಬಹುತೇಕ ಎಲ್ಲ ಕೌಂಟಿಗಳ ರಸ್ತೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ತೆರಿಗೆಯಲ್ಲೂ ಹೀಗೆಯೇ. ಮೇರಿಲ್ಯಾಂಡಿನ ಕೌಂಟಿಗಳು ರಾಜ್ಯದ ಆದಾಯ ತೆರಿಗೆಯ ಜೊತೆಗೆ ತಮ್ಮದೊಂದು ಆದಾಯ ತೆರಿಗೆ ಹಾಕುತ್ತವೆ. ವರ್ಜೀನಿಯಾದ ಕೌಂಟಿಗಳಲ್ಲಿ ಅದಿಲ್ಲ. ಬದಲಿಗೆ ಮನೆಯ ಮುಂದೆ ನಿಂತ ಕಾರಿನ ಬೆಲೆಯ ಮೇಲೆ ವರ್ಷವರ್ಷವೂ ತೆರಿಗೆ. ಮದ್ಯದ ವಿಷಯವಂತೂ ಇನ್ನೂ ಸ್ವಾರಸ್ಯಕರ. ವರ್ಜೀನಿಯಾದಲ್ಲಿ ವಿಸ್ಕಿ ಮಾರುವುದು ರಾಜ್ಯ ಸರ್ಕಾರದ ಅಂಗಡಿಯಾದರೆ, ಮಾಂಟ್ಗೊಮರಿಯಲ್ಲಿ ಕೌಂಟಿಯೇ ಅಂಗಡಿ ಇಟ್ಟಿದೆ! ಗ್ರಂಥಾಲಯ ನಡೆಸುವ ಆಡಳಿತವೇ ಅದನ್ನೂ ನಡೆಸುವುದನ್ನು ಕಂಡು ನನ್ನಂಥ ಮೇಷ್ಟ್ರಿಗೆ ನಗು ಬಂದರೆ ತಪ್ಪಿಲ್ಲವಷ್ಟೆ.

ನಗುವಿನ ಮಾತು ಹಾಗಿರಲಿ. ಇದೇ ಭೇದದಿಂದ ಬಡವರ ಹಣೆಬರಹವೂ ಬೇರೆಯಾದದ್ದುಂಟು. 1971ರಲ್ಲಿ ಫೇರ್‌ಫ್ಯಾಕ್ಸ್ ಕೌಂಟಿ ಒಂದು ದಿಟ್ಟ ನಿಯಮವನ್ನು ಮಾಡಿತು: ದೊಡ್ಡ ಬಡಾವಣೆ ಕಟ್ಟುವವರು ನೂರಕ್ಕೆ ಹದಿನೈದು ಮನೆಗಳನ್ನು ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಮೀಸಲಿಡಬೇಕು. ಶಾಲೆಯ ಶಿಕ್ಷಕರು, ಪೋಲೀಸ್ ಪೇದೆಗಳು, ದಾದಿಯರು ತಾವು ದುಡಿಯುವ ಊರಿನಲ್ಲೇ ಬಾಳುವಂತಾಗಬೇಕೆಂಬುದು ಇಂಥ ನಿಯಮದ ಹಿಂದಿನ ಆಲೋಚನೆ. 1973ರಲ್ಲಿ ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು; ರಾಜ್ಯ ಕೊಡದ ಅಧಿಕಾರವನ್ನು ಕೌಂಟಿ ಚಲಾಯಿಸಿತೆಂಬುದು ಒಂದು ಮುಖ್ಯ ಕಾರಣ. ಅದೇ ಹೊತ್ತಿಗೆ ನದಿಯ ಈಚೆ ಮಾಂಟ್ಗೊಮರಿ ಹೆಚ್ಚುಕಡಿಮೆ ಅದೇ ಆಲೋಚನೆಯನ್ನು ಕಾನೂನಾಗಿಸಿತು. 1974ರಲ್ಲಿ ಜಾರಿಗೆ ಬಂದ ಆ ಕಾನೂನಿನಡಿ ಸಾವಿರಾರು ಮನೆಗಳು ಎದ್ದವು. ದೇಶದ ಬೇರೆ ಊರುಗಳು ಅದನ್ನು ಮಾದರಿಯಾಗಿ ಸ್ವೀಕರಿಸಿದವು. ಫೇರ್‌ಫ್ಯಾಕ್ಸ್‌ಗೆ ಅಂಥ ನಿಯಮ ದಕ್ಕಿದ್ದು, ರಾಜ್ಯದ ಶಾಸನಸಭೆ ಅನುಮತಿ ಕೊಟ್ಟ ಮೇಲೆ, 1990ರಲ್ಲಿ. ಮೊದಲು ಯೋಚಿಸಿದವನು ಹಿಂದುಳಿದ, ಆಮೇಲೆ ಯೋಚಿಸಿದವನು ಕೀರ್ತಿ ಪಡೆದ. ಇದರಲ್ಲಿ ಯಾವ ಊರಿನವರ ಹೃದಯ ದೊಡ್ಡದು, ಯಾರದು ಚಿಕ್ಕದು ಎಂದು ಹೇಳುವುದು?

ಕೈಯಲ್ಲಿ ಅಧಿಕಾರವಿದ್ದ ಮಾಂಟ್ಗೊಮರಿ 1980ರಲ್ಲಿ ಇನ್ನೊಂದು ದೊಡ್ಡ ಕೆಲಸಕ್ಕೆ ಕೈಹಾಕಿತು. ಕೌಂಟಿಯ ಮೂರನೆಯ ಒಂದು ಭಾಗದಷ್ಟು, ಅಂದರೆ ಸುಮಾರು 93,000 ಎಕರೆ ನೆಲವನ್ನು ಬೇಸಾಯಕ್ಕೆಂದು ಕಾಯ್ದಿರಿಸಿ, ಅಲ್ಲಿ 25 ಎಕರೆಗೆ ಒಂದು ಮನೆಗಿಂತ ಹೆಚ್ಚು ಕಟ್ಟಕೂಡದೆಂದು ವಿಧಿಸಿತು. ರೈತರ ನಷ್ಟಕ್ಕೆ ಪರಿಹಾರವೂ ಇತ್ತು: ಕಟ್ಟುವ ಹಕ್ಕನ್ನು ಮಾತ್ರ ಬೇರೆ ಮಾಡಿ, ಪೇಟೆಯ ಕಡೆ ಕಟ್ಟುವವರಿಗೆ ಮಾರಿಕೊಳ್ಳುವ ಅವಕಾಶ. ಮಗಳ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಜೋಳದ ಹೊಲಗಳೂ ಕುದುರೆಯ ಲಾಯಗಳೂ ಕಾಣುತ್ತವೆ. ಬೆಂಗಳೂರಿನ ಅಂಚಿನಲ್ಲಿ ರಾಗಿಯ ಹೊಲಗಳೂ ಕೆರೆಗಳೂ ಒಂದೊಂದಾಗಿ ಸೈಟುಗಳಾದುದನ್ನು ನೋಡಿದವನಿಗೆ ಆ ಹಸುರಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಇನ್ನೊಂದು ಮುಖವೂ ಉಂಟು. ಕಟ್ಟುವ ನೆಲ ಕಡಿಮೆಯಾದಷ್ಟೂ ಮನೆಗಳ ಬೆಲೆ ಏರುತ್ತದೆಂಬ ದೂರು ಅಲ್ಲಿ ಈಗಲೂ ಇದೆ.

ಫೇರ್‌ಫ್ಯಾಕ್ಸ್ ಸುಮ್ಮನೆ ಕೈಕಟ್ಟಿ ಕುಳಿತಿರಲಿಲ್ಲ. ವರ್ಣಭೇದ ಇನ್ನೂ ಕಾನೂನಿನ ಬೆಂಬಲದಲ್ಲಿದ್ದ 1964ರಲ್ಲಿ ರಾಬರ್ಟ್ ಸೈಮನ್ ಎಂಬಾತ ಅಲ್ಲಿ ರೆಸ್ಟನ್ ಎಂಬ ಹೊಸ ಊರನ್ನು ಕಟ್ಟಿ, ಮೊದಲ ದಿನದಿಂದಲೇ ಎಲ್ಲ ವರ್ಣದವರಿಗೂ ಬಾಗಿಲು ತೆರೆದಿಟ್ಟ. ಕೂಡುರಸ್ತೆಯೊಂದೇ ಇದ್ದ ಟೈಸನ್ಸ್‌ನಲ್ಲಿ 1968ರಲ್ಲಿ ದೊಡ್ಡ ಮಳಿಗೆ ಸಂಕೀರ್ಣ ತೆರೆಯಿತು. ನೋಡನೋಡುತ್ತ ಅದು ಒಂದು ನಗರವೇ ಆಯಿತು. 2014ರಲ್ಲಿ ಅಲ್ಲಿಗೆ ಮೆಟ್ರೊ ಬಂತು. 2022ರಲ್ಲಿ ಡಲ್ಲಸ್ ವಿಮಾನ ನಿಲ್ದಾಣವನ್ನು ದಾಟಿ ಲೌಡನ್ ಕೌಂಟಿಯವರೆಗೆ ಹೋಯಿತು. ರಸ್ತೆ ತನ್ನದಲ್ಲದ ಕೌಂಟಿ, ರಸ್ತೆಯ ಪಕ್ಕದಲ್ಲಿ ಏನು ಬೆಳೆಸಬಹುದೋ ಅದನ್ನೆಲ್ಲ ಬೆಳೆಸಿತು.

ಇಬ್ಬರ ನಡುವೆ ಹರಿಯುವ ನದಿಯ ಕಥೆಯನ್ನು ಕನ್ನಡಿಗರು ಕೇಳಲೇಬೇಕು. 1632ರಲ್ಲಿ ಇಂಗ್ಲೆಂಡಿನ ದೊರೆ ಬರೆದುಕೊಟ್ಟ ಸನ್ನದಿನಂತೆ ಪೊಟೋಮ್ಯಾಕ್ ನದಿ ಆಚೆಯ ದಡದವರೆಗೂ ಮೇರಿಲ್ಯಾಂಡಿನದು. ವರ್ಜೀನಿಯಾದವರು ತಮ್ಮ ದಡದಲ್ಲಿ ನಿಂತು ಕಾಲು ಚಾಚಿದರೆ ಪರರಾಜ್ಯ! ಕುಡಿಯುವ ನೀರಿಗಾಗಿ ನದಿಯ ನಡುವಿಗೆ ಕೊಳವೆ ಹಾಕಲು ಫೇರ್‌ಫ್ಯಾಕ್ಸ್‌ನ ಜಲಮಂಡಳಿ ಮುಂದಾದಾಗ ಮೇರಿಲ್ಯಾಂಡ್ ಅಡ್ಡಿಪಡಿಸಿತು. ವ್ಯಾಜ್ಯ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ನೀರು ತೆಗೆದುಕೊಳ್ಳಲು ಮೇರಿಲ್ಯಾಂಡಿನ ಅಪ್ಪಣೆ ಬೇಕಾಗಿಲ್ಲವೆಂದು 2003ರಲ್ಲಿ ತೀರ್ಪಾಯಿತು. ಆ ಸೀಮೆಯ ನಮ್ಮ ಕನ್ನಡ ಸಂಘದ ಹೆಸರು ‘ಕಾವೇರಿ’. ಅದರ ಸದಸ್ಯರು ನದಿಯ ಎರಡೂ ದಡಗಳಲ್ಲಿದ್ದಾರೆ. 1892 ಮತ್ತು 1924ರ ಒಪ್ಪಂದಗಳ ನೆರಳಿನಲ್ಲಿ ಬೆಳೆದ ನಮಗೆ, ಹಳೆಯ ಕಾಗದವೊಂದು ನೀರಿನ ಮೇಲೆ ಎಷ್ಟು ಕಾಲ ತೇಲುತ್ತಿರುತ್ತದೆಂದು ಯಾರೂ ಕಲಿಸಬೇಕಾಗಿಲ್ಲ.

ಈ ಎರಡು ಕೌಂಟಿಗಳಿಗೆ ನೇರವಾಗಿ ಇರುವುದು ಒಂದೇ ಸೇತುವೆ, 1962ರಲ್ಲಿ ತೆರೆದ ಅಮೆರಿಕನ್ ಲೀಜನ್ ಸೇತುವೆ. ರಾಜಧಾನಿಯ ವರ್ತುಲ ರಸ್ತೆ ಅದರ ಮೇಲೆ ಹಾದುಹೋಗುತ್ತದೆ. ವರ್ಜೀನಿಯಾದ ಬದಿಯಲ್ಲಿ 2012ರಲ್ಲಿ ಸುಂಕದ ವಿಶೇಷ ಪಥಗಳು ಬಂದವು. ಮೇರಿಲ್ಯಾಂಡಿನ ಬದಿಯಲ್ಲಿ ಅಗಲೀಕರಣಕ್ಕೆ ಬಹಳ ವಿರೋಧವಾಯಿತು. ಇನ್ನೂ ಮೇಲೆ ಮಾಂಟ್ಗೊಮರಿಗೂ ಲೌಡನ್ನಿಗೂ ಇದ್ದ ಏಕೈಕ ಸಂಪರ್ಕವಾದ ವೈಟ್ಸ್ ಫೆರಿ ಎಂಬ ದೋಣಿ ಸೇವೆ, ವರ್ಜೀನಿಯಾದ ದಡದ ಜಾಗದ ವ್ಯಾಜ್ಯದಿಂದಾಗಿ 2020ರ ಡಿಸೆಂಬರಿನಲ್ಲಿ ನಿಂತುಹೋಯಿತು. ದಾಯಾದಿಗಳ ಮನೆಗಳ ನಡುವಿನ ಬಾಗಿಲು ಯಾವಾಗಲೂ ಕಿರಿದೇ ತಾನೆ!

ಇನ್ನು ನನಗೆ ಅತಿ ಹತ್ತಿರದ ವಿಷಯ, ಶಾಲೆ. ಬಿಳಿಯ ಮತ್ತು ಕಪ್ಪು ಮಕ್ಕಳಿಗೆ ಬೇರೆ ಬೇರೆ ಶಾಲೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಿತು. ಫೇರ್‌ಫ್ಯಾಕ್ಸ್‌ನ ಪಕ್ಕದ ಪುಟ್ಟ ಆರ್ಲಿಂಗ್ಟನ್ ಕೌಂಟಿಯ ಚುನಾಯಿತ ಶಾಲಾ ಮಂಡಳಿ ಮಕ್ಕಳನ್ನು ಒಂದುಗೂಡಿಸುವ ಯೋಜನೆ ಮಾಡಿದಾಗ, 1956ರಲ್ಲಿ ವರ್ಜೀನಿಯಾ ರಾಜ್ಯ ಆ ಕೌಂಟಿಯ ಶಾಲಾ ಮಂಡಳಿಯನ್ನು ಆರಿಸುವ ಹಕ್ಕನ್ನೇ ಜನರಿಂದ ಕಿತ್ತುಕೊಂಡಿತು. ಕೊನೆಗೆ ನ್ಯಾಯಾಲಯಗಳ ಆದೇಶದಿಂದ 1959ರ ಫೆಬ್ರವರಿ 2ರಂದು ನಾಲ್ವರು ಕಪ್ಪು ಮಕ್ಕಳು ಅಲ್ಲಿನ ಸ್ಟ್ರಾಟ್‌ಫರ್ಡ್ ಶಾಲೆಯ ಮೆಟ್ಟಿಲು ಹತ್ತಿದರು. ಹಳೆಯ ನೆರಳುಗಳು ಹೆಸರುಗಳಲ್ಲಿ ಇನ್ನೂ ಬಹುಕಾಲ ಉಳಿದಿದ್ದವು. ಗುಲಾಮಗಿರಿಯ ಪರವಾಗಿ ಹೋರಾಡಿದ ಪಕ್ಷದ ಸೇನಾಪತಿ ಸ್ಟುವರ್ಟನ ಹೆಸರಿದ್ದ ಫೇರ್‌ಫ್ಯಾಕ್ಸ್‌ನ ಪ್ರೌಢಶಾಲೆಗೆ 2018ರಲ್ಲಿ ‘ಜಸ್ಟಿಸ್’ ಎಂದೂ, ರಾಬರ್ಟ್ ಲೀಯ ಹೆಸರಿದ್ದುದಕ್ಕೆ 2020ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಜಾನ್ ಲೂಯಿಸರ ಹೆಸರೂ ಬಂದವು. ಉದಾರಿಯೆನಿಸಿದ ಮಾಂಟ್ಗೊಮರಿಯೂ ಇದರಿಂದ ಹೊರತಲ್ಲ. ಕಪ್ಪು ಜನರಿಗೆ ಮಾರಕೂಡದೆಂಬ ಕರಾರಿನ ಮೇಲೆ ನಿವೇಶನಗಳನ್ನು ಮಾರಿದ ಬ್ರೂಕ್ ಲೀಯ ಹೆಸರು ಅಲ್ಲಿನ ಶಾಲೆಯೊಂದಕ್ಕಿತ್ತು. 2021ರಲ್ಲಿ ಅದನ್ನು ತೆಗೆದು, ಆ ಕೌಂಟಿಯಲ್ಲಿ ಚುನಾಯಿತರಾದ ಮೊದಲ ಕಪ್ಪು ಮಹಿಳೆ ಒಡೆಸ್ಸಾ ಶಾನನ್ ಅವರ ಹೆಸರನ್ನಿಟ್ಟರು.

ಈಗ ಮೂರನೆಯ ದಾಯಾದಿಯ ಬಳಿಗೆ ಬರೋಣ. ಪ್ರಿನ್ಸ್ ಜಾರ್ಜಸ್ ಒಂದು ಕಾಲಕ್ಕೆ ಗುಲಾಮರ ದುಡಿಮೆಯಿಂದ ಹೊಗೆಸೊಪ್ಪು ಬೆಳೆದ ಸಿರಿವಂತ ಸೀಮೆ. 1937ರಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ಆದಾಯದವರಿಗಾಗಿ ಗ್ರೀನ್‌ಬೆಲ್ಟ್ ಎಂಬ ಮಾದರಿ ಊರನ್ನು ಅಲ್ಲಿ ಕಟ್ಟಿತು. ಅದನ್ನು ಕಟ್ಟಿದ ಕೂಲಿಗಳಲ್ಲಿ ಕಪ್ಪು ಜನರಿದ್ದರು, ಆದರೆ ಅವರಿಗೆ ಅಲ್ಲಿ ಮನೆ ಕೊಡಲಿಲ್ಲ. 1970ರಲ್ಲಿ ಕೌಂಟಿಯ ಜನರಲ್ಲಿ ಕಪ್ಪು ಜನರು ನೂರಕ್ಕೆ ಹದಿನಾಲ್ಕು ಮಂದಿ. 1973ರ ಜನವರಿಯಲ್ಲಿ ನ್ಯಾಯಾಲಯದ ಆದೇಶದಂತೆ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ಶಾಲೆಗಳನ್ನು ಬೆರೆಸತೊಡಗಿದಾಗ ಬಿಳಿಯರಲ್ಲಿ ಅನೇಕರು ಗಂಟುಮೂಟೆ ಕಟ್ಟಿದರು. ಅದೇ ವೇಳೆಗೆ ವಾಷಿಂಗ್ಟನ್ನಿನಿಂದ ಕಪ್ಪು ಮಧ್ಯಮ ವರ್ಗದವರು ಅಂಗಳವಿರುವ ಮನೆಯನ್ನರಸಿ ಬಂದರು. 1990ರ ಹೊತ್ತಿಗೆ ಅವರು ಅರ್ಧಕ್ಕಿಂತ ಹೆಚ್ಚಾದರು. ಈ ನಡುವೆ, 1978ರಲ್ಲಿ, ಒಟ್ಟು ಆಸ್ತಿ ತೆರಿಗೆಯ ವಸೂಲಿ ಏರದಂತೆ ಕಟ್ಟುಹಾಕುವ ತಿದ್ದುಪಡಿಗೆ ಮತದಾರರು ಒಪ್ಪಿಗೆ ಕೊಟ್ಟಿದ್ದರು. ಸ್ವಯಮಾಡಳಿತದ ಅಧಿಕಾರವನ್ನು ಮಾಂಟ್ಗೊಮರಿ ಹೊಲವನ್ನು ಕಾಯಲು ಬಳಸಿದರೆ, ಇಲ್ಲಿ ಅದೇ ಅಧಿಕಾರ ಬೊಕ್ಕಸಕ್ಕೆ ಬೀಗ ಹಾಕಿತು. 1984ರಲ್ಲಿ ಆ ಕಟ್ಟನ್ನು ಸಡಿಲಿಸಿದರೂ ಶಾಲೆಗಳು ಹಣವಿಲ್ಲದೆ ಸೊರಗಿದವು. ಹೊಸದಾಗಿ ಬಂದವರ ಮಕ್ಕಳು ಹೋದವರ ಲೆಕ್ಕವನ್ನು ತೀರಿಸಬೇಕಾಯಿತು.

ಇಷ್ಟಾದರೂ ಆ ಜನ ಅಲ್ಲಿ ಕಟ್ಟಿದ ಬದುಕು ಸಣ್ಣದಲ್ಲ. ಕಪ್ಪು ಜನರು ಬಹುಸಂಖ್ಯಾತರಾಗಿರುವ ಕೌಂಟಿಗಳಲ್ಲಿ ದೇಶದಲ್ಲೇ ಅತ್ಯಂತ ಸಿರಿವಂತವೆಂಬ ಹೆಸರನ್ನು ಅದು ಬಹಳ ವರ್ಷ ಹೊತ್ತಿತ್ತು. 2020ರ ಸುಮಾರಿಗೆ ಅಲ್ಲಿನ ಕುಟುಂಬದ ಮಧ್ಯಮಾಂಕ ಆದಾಯ ವರ್ಷಕ್ಕೆ 91,000 ಡಾಲರ್. ಇಡೀ ದೇಶದ್ದು 65,000. ಫೇರ್‌ಫ್ಯಾಕ್ಸ್‌ಗೂ ಮಾಂಟ್ಗೊಮರಿಗೂ ಇದು ಸಮವಲ್ಲ, ಆದರೆ ದೇಶದ ಲೆಕ್ಕದಲ್ಲಿ ಅನುಕೂಲಸ್ಥರ ಸೀಮೆಯೇ ಸರಿ. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯವಿರುವುದು ಅಲ್ಲಿ, ನಾಸಾದ ಗಾಡರ್ಡ್ ಕೇಂದ್ರವಿರುವುದು ಅಲ್ಲಿ. ಎಲ್ಲಕ್ಕೂ ಮಿಗಿಲಾಗಿ, ನಮ್ಮವರೆಲ್ಲ ಹಬ್ಬಹರಿದಿನಗಳಲ್ಲಿ ಹೋಗುವ ಶಿವ ವಿಷ್ಣು ದೇವಸ್ಥಾನವಿರುವ ಲ್ಯಾನ್‌ಹ್ಯಾಮ್ ಊರೂ ಅದೇ ಕೌಂಟಿಯಲ್ಲಿದೆ.

ನಮ್ಮ ಬಂಧುವರ್ಗದ ಒಬ್ಬ ಹುಡುಗನಿಗೆ ಗ್ರೀನ್‌ಬೆಲ್ಟ್ ಸಮೀಪ ಕೆಲಸ. ಬೋಯಿ ಎಂಬಲ್ಲಿ ಮನಸ್ಸಿಗೆ ಒಪ್ಪುವ ಮನೆ ನೋಡಿದ್ದ. ಕಚೇರಿ ಹತ್ತಿರ, ದೇವಸ್ಥಾನ ಹತ್ತಿರ, ಬೆಲೆಯೂ ಕೈಗೆಟುಕುವಂಥದು. ಭಾನುವಾರದ ಊಟಕ್ಕೆ ಸೇರಿದ್ದ ಹಿರಿಯರೆಲ್ಲ ಒಕ್ಕೊರಲಿನಿಂದ ಬೇಡವೆಂದರು. ಕಾರಣ ಕೇಳಿದಾಗ ಯಾರೂ ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. “ಅಲ್ಲಿ ಸ್ಕೂಲು ಚೆನ್ನಾಗಿಲ್ಲಪ್ಪ” ಎಂದಷ್ಟೇ ಹೇಳಿದರು. ಅವರಲ್ಲಿ ಒಬ್ಬರೂ ಆ ಊರಿನ ಶಾಲೆಯೊಂದರ ಒಳಗೆ ಕಾಲಿಟ್ಟವರಲ್ಲ. ಇಂಟರ್‌ನೆಟ್ಟಿನಲ್ಲಿ ಶಾಲೆಗೆ ಕೊಟ್ಟ ಅಂಕ ನೋಡಿದವರು. ಶಾಲೆಯ ಸರಾಸರಿ ಅಂಕ ಮಕ್ಕಳ ಮನೆಯ ಅನುಕೂಲವನ್ನು ಹೇಳುವಷ್ಟು ಉಪಾಧ್ಯಾಯರ ಪಾಠವನ್ನು ಹೇಳುವುದಿಲ್ಲವೆಂಬುದನ್ನು ನಾನು ತರಗತಿಯಲ್ಲಿ ನಿಂತು ಕಂಡಿದ್ದೇನೆ. ಅಂದೇ ಹಾಗೆಂದು ಹೇಳಿದೆ. ಮೇಷ್ಟ್ರ ಮಾತು ಮೇಷ್ಟ್ರದೆಂದು ಪಾಯಸ ಬಡಿಸಿದರು. ಹುಡುಗ ಮಾಂಟ್ಗೊಮರಿಯ ತುತ್ತತುದಿಯ ಕ್ಲಾರ್ಕ್ಸ್‌ಬರ್ಗಿನಲ್ಲಿ ಹೆಚ್ಚು ಸಾಲ ಮಾಡಿ ಮನೆ ಕೊಂಡು, ದಿನವೂ ಸುಮಾರು 30 ಮೈಲಿ ಹೋಗಿ ಅಷ್ಟೇ ದೂರ ಬರುತ್ತಿದ್ದಾನೆ.

ಆ ಊಟದ ಮೇಜಿನ ಮಾತು ನನಗೆ ಹೊಸದಾಗಿ ಕೇಳಲಿಲ್ಲ. ಊರ ಹೊರಗಿನ ಕೇರಿಯ ಬಗ್ಗೆ ನಮ್ಮ ಹಳ್ಳಿಯ ಜಗಲಿಗಳಲ್ಲಿ ಆಡುತ್ತಿದ್ದುದೂ ಇದೇ ಧ್ವನಿಯ ಮಾತು; ಕಾರಣ ಮಾತ್ರ ಬೇರೆ ಹೇಳುತ್ತಿದ್ದರು. ಹತ್ತು ಸಾವಿರ ಮೈಲಿ ದಾಟಿ ಹೋದವರು ಹಪ್ಪಳ ಸಂಡಿಗೆಯ ಜೊತೆ ಅದನ್ನೂ ಕಟ್ಟಿಕೊಂಡು ಹೋಗಬೇಕೆ? ದೇವರನ್ನು ಪ್ರತಿಷ್ಠಾಪಿಸಲು ಯೋಗ್ಯವಾದ ನೆಲ ನಮ್ಮ ಮಕ್ಕಳು ಆಡಿ ಬೆಳೆಯಲು ಏಕೆ ಯೋಗ್ಯವಲ್ಲ?

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ಒಂದು ಊರಿನ ಸ್ವಭಾವದ ಬಗ್ಗೆ ಯಾರಾದರೂ ತೀರ್ಪು ಕೊಟ್ಟರೆ ಮೂರು ಪ್ರಶ್ನೆ ಕೇಳಿ: ಆ ಊರಿಗೆ ತನ್ನ ವಿಷಯವನ್ನು ತಾನೇ ನಿರ್ಧರಿಸುವ ಅಧಿಕಾರ ಎಷ್ಟಿತ್ತು? ಇದ್ದ ಅಧಿಕಾರವನ್ನು ಯಾರು, ಯಾರಿಗಾಗಿ ಬಳಸಿದರು? ಅಲ್ಲಿಂದ ಹೋದವರು ಏಕೆ ಹೋದರು, ಬಂದವರು ಏಕೆ ಬಂದರು? ಮನೆ ನೋಡಲು ಹೋದಾಗ ಶನಿವಾರದ ಬೆಳಗ್ಗೆ ಆ ಬೀದಿಯಲ್ಲಿ ಒಂದು ಗಂಟೆ ಕಾಲ್ನಡಿಗೆಯಲ್ಲಿ ಅಡ್ಡಾಡಿ. ಹತ್ತಿರದ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಮಾತನಾಡಿಸಿ. ಹುಲ್ಲು ಕತ್ತರಿಸುತ್ತಿರುವ ನೆರೆಯವರಿಗೆ ನಿಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿ. ಸಾಲದ ಕಾಗದಕ್ಕೆ ಸಹಿ ಹಾಕುವುದು ಅದಾದ ಮೇಲೆ.